ಏಳು ನೀರಿನ ಉಪ್ಪು

ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥ ವಿಷ್ಣುಮೂರ್ತಿ ಬೆಳಿಗ್ಗೆ ಒಂಬತ್ತಕ್ಕೆ ಕೊಡಿಯಾಲ್‌ಬೈಲಿನ ಕಾಲೇಜು ಲ್ಯಾಬಿನಲ್ಲೇ ಕುಸಿದುಬಿದ್ದರು. ಪಕ್ಕದಲ್ಲಿ ಖಾಲಿ ಲೋಟ. ಹೊಟ್ಟೆ ಕಟ್ಟಿದೆ ಎಂದು ಅವರು ಎಂದಿನಂತೆ ಕೇಳಿದ್ದಕ್ಕೆ ಎಪ್ಸಮ್ ಉಪ್ಪು ಕದಡಿ ಕೊಟ್ಟವಳು ಉಪನ್ಯಾಸಕಿ ಭಾರ್ಗವಿ.

ಈಗ ಗಂಟೆ ಹನ್ನೆರಡು. ಅವರು ಐಸಿಯುನಲ್ಲಿ. ಇವಳು ಅದೇ ಲ್ಯಾಬಿನಲ್ಲಿ. ಹೊರಗಿನಿಂದ ಚಿಲಕ. ಬೆವರಿಗೆ ಸೀರೆ ಬೆನ್ನಿಗೆ ಅಂಟಿತ್ತು.

*

ಎಸ್‌ಐ ರೂಪೇಶ್ ಒಳಗೆ ಬಂದ.

"ಲೋಟ ತೊಳೆದಿಟ್ಟದ್ದು ಅಟೆಂಡರ್ ಅಕ್ಕು," ಎಂದಳು ಭಾರ್ಗವಿ.

"ನಿನ್ನೆ ಸಂಜೆಯೇ ಊರಿಗೆ ಹೋಗಿದ್ದಾಳೆ. ವಿಚಾರಿಸಿದೆ. ಬಾಟಲಿಯಲ್ಲೂ ಎಂತ ದೋಷವೂ ಇಲ್ಲ ಮೇಡಂ. ನಿಮ್ಮ ವಿಭಾಗದ ವಿಶ್ವೇಶ ಸರ್ ಪರೀಕ್ಷೆ ಮಾಡಿ ಬರೆದುಕೊಟ್ಟಿದ್ದಾರೆ. ಹತ್ತು ಗ್ರಾಂ ಕಾಯಿಸಿ ಹರಳಿನೊಳಗಿನ ನೀರು ಓಡಿಸಿದ್ರೆ 4.88 ಉಳಿದಿದೆ. ಶುದ್ಧ ಎಪ್ಸಮ್. ಹಾಗಾದ್ರೆ ಲೋಟಕ್ಕೆ ವಿಷ ಹಾಕಿದ್ದು ಯಾರು?"

ಭಾರ್ಗವಿಗೆ ತಪ್ಪಿಸಿಕೊಳ್ಳಲು ಒಂದು ಸಂದೂ ಉಳಿದಿರಲಿಲ್ಲ. ಆದರೆ 4.88? ಪುಸ್ತಕದಲ್ಲಿರುವಷ್ಟೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಿಜವಾಗಿ ತೂಗಿದರೆ ಇಷ್ಟು ಕರಾರುವಾಕ್ಕಾಗಿ ಬರುವುದು ಅಪರೂಪ.

"ಆ ಬಾಟಲಿ ತರಿಸಿ. ನೀವೇ ತೂಗಿ, ನೀವೇ ಕಾಯಿಸಿ. ನಾನು ಮುಟ್ಟುವುದಿಲ್ಲ."

ರೂಪೇಶ್ ಹತ್ತು ಗ್ರಾಂ ತೂಗಿ ಬರ್ನರ್ ಮೇಲಿಟ್ಟ. ಆವಿ ಹೋಯಿತು. ತಣಿಸಿ ತೂಗಿದ. ಮತ್ತೆ ಕಾಯಿಸಿದ, ಮತ್ತೆ ತೂಗಿದ. ಅಂಕಿ ಕದಲಲಿಲ್ಲ.

"5.62. ಇದೆಂಥದು ಮಾರಾಯ್ರೆ?"

"ಹೋದದ್ದು 4.38, ಅಷ್ಟೂ ನೀರು. ಈ ಹರಳಿನಲ್ಲಿ ನೀರಿನ ಅಣು ಏಳು ಅಂತ ಇಟ್ಟುಕೊಳ್ಳಿ, ಒಂದಕ್ಕೆ 18ರಂತೆ ತೂಕ 126. ಆ ಲೆಕ್ಕಕ್ಕೆ ಉಳಿದ ಲವಣ 161. ಸಲ್ಫೇಟಿನ 96 ಕಳೆದರೆ 65. ಎಪ್ಸಮ್ ಅಂದ್ರೆ ಮೆಗ್ನೀಷಿಯಂ ಸಲ್ಫೇಟ್, ಅದರ ಮೆಗ್ನೀಷಿಯಂ ಬರೇ 24. 65 ಅಂದ್ರೆ ಸತು. ಇದು ಜಿಂಕ್ ಸಲ್ಫೇಟ್ ಸರ್. ನೋಡಲಿಕ್ಕೆ ಎರಡೂ ಒಂದೇ, ಆದ್ರೆ ಅಷ್ಟು ಹೊಟ್ಟೆಗೆ ಹೋದ್ರೆ ಇದು ವಿಷ."

"ಮತ್ತೆ 4.88 ಹೇಗೆ ಬಂತು?"

"ಬರಲಿಲ್ಲ, ಬರೆದದ್ದು. ಬಾಟಲಿ ಸರಿ ಉಂಟು ಅಂದ್ರೆ ಅಪರಾಧಿ ನಾನು. ಜಿಂಕ್ ಅಂದ್ರೆ ನೀವು ಜಿಂಕಿನ ಕಪಾಟು ಹುಡುಕ್ತೀರಿ. ಅದರ ಕೀ ಇರುವುದು ವಿಶ್ವೇಶ ಸರ್ ಹತ್ತಿರ ಮಾತ್ರ."

*

ಕಪಾಟು ತೆರೆಸಿದರು. ಜಿಂಕ್ ಬಾಟಲಿಯ ಪುಡಿ ಕಾಯಿಸಿದಾಗ ಉಳಿದದ್ದು 4.9. ಎಪ್ಸಮ್ ಅಲ್ಲಿತ್ತು; ಎರಡು ಬಾಟಲಿಗಳ ಪುಡಿ ಅದಲುಬದಲಾಗಿತ್ತು.

ಕೀ ಸಮೇತ ಕರೆಸಿದ್ದ ವಿಶ್ವೇಶ ಸ್ಟೂಲಿನ ಮೇಲೆ ಕೂತ. "ನನ್ನ ಪಿಎಚ್‌ಡಿಯ ಅಂಕಿಗಳೆಲ್ಲ ಕೂತಲ್ಲೇ ಬರೆದದ್ದು ಅಂತ ಸರ್‌ಗೆ ಗೊತ್ತಾಯ್ತು. ಇವತ್ತು ಯೂನಿವರ್ಸಿಟಿಗೆ ಪತ್ರ ಹಾಕುವವರಿದ್ದರು. ಒಂದು ವಾರ ಮಲಗಲಿ ಅಂತ ಮಾತ್ರ..."

"ನನ್ನ ಗತಿ ಎಂತ ಅಂತ ಯೋಚಿಸ್ಲಿಲ್ವಾ?" ಭಾರ್ಗವಿ ಕೇಳಿದಳು.

ಅವನು ಕಪಾಟಿನ ಕೀಯನ್ನು ರೂಪೇಶನ ಕಡೆಗೆ ತಳ್ಳಿದ.

ಆಸ್ಪತ್ರೆಯಿಂದ ಫೋನ್ ಬಂತು: ವಿಷ್ಣುಮೂರ್ತಿಗೆ ಎಚ್ಚರವಾಗಿತ್ತು. ರೂಪೇಶ್ ಬಾಗಿಲು ಪೂರ್ತಿ ತೆರೆದ. ವರಾಂಡದಲ್ಲಿ ಗುಂಪುಗೂಡಿದ್ದ ಸಹೋದ್ಯೋಗಿಗಳು ಅವಳಿಗೆ ದಾರಿ ಬಿಟ್ಟರು. ಬೆಳಿಗ್ಗೆ ಅವಳೇ ಅಪರಾಧಿ ಎಂದು ನಂಬಿದ್ದವರಲ್ಲಿ ಒಬ್ಬರೂ ಮುಖ ಕೊಟ್ಟು ನೋಡಲಿಲ್ಲ.