ಉಗುರು ಕಳಚಿದ ಮನೆ

ಪವಿತ್ರಳನ್ನು ಕಡಲೆಕಾಯಿ ಮೂಟೆಗಳ ಕೋಣೆಗೆ ತಳ್ಳಿ ಚಿಲಕ ಹಾಕಿದಾಗ ಬೆಳಗಿನ ಒಂಬತ್ತು ಗಂಟೆ. ಎರಡು ತಿಂಗಳಿಂದ ಮಾವ ಸಂಜೀವಪ್ಪನಿಗೆ ವಾಂತಿ. ತಲೆಗೂದಲು ಹಿಡಿಹಿಡಿಯಾಗಿ ಕಿತ್ತುಬರುತ್ತಿತ್ತು, ಉಗುರು ಕಳಚುತ್ತಿತ್ತು. ಅಂಬಲಿ ಕಾಸುವವಳು ಸೊಸೆ. "ಇವಳೇ ವಿಷ ಇಕ್ತಾವ್ಳೆ!" ಎಂದು ಕಟ್ಟಿಕೊಂಡ ಗಂಡ ವೆಂಕಟೇಶನೇ ಬೀದಿಯವರೆದುರು ಕೂಗಿದ್ದ. ಪೊಲೀಸರಿಗೆ ಫೋನೂ ಹೋಗಿತ್ತು.

ಕಿಟಕಿಯಿಲ್ಲದ ಕೋಣೆಯಲ್ಲಿ ಧೂಳಿಗೆ ಉಸಿರು ಕಟ್ಟುತ್ತಿತ್ತು. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಬಾಗಿಲು ಬಡಿದೂ ಬಡಿದೂ ಉಗುರೊಂದು ಅರ್ಧಕ್ಕೆ ಮುರಿಯಿತು. ಈಚೆಗೆ ಮುಟ್ಟಿದರೆ ಮುರಿಯುತ್ತಿದ್ದವು, ಚಿಂತೆಗಿರಬೇಕೆಂದು ಸುಮ್ಮನಿದ್ದಳು.

"ಪೊಲೀಸರು ಬರೋಕೆ ಮುಂಚೆ ಕಾಂಪೌಂಡರನ್ನ ಕರೀರಿ!" ಎಂದು ಒಳಗಿನಿಂದ ಕಿರುಚಿದಳು.

ಕೊಟ್ರಬಸಪ್ಪ ಪಶು ಆಸ್ಪತ್ರೆಯ ನಿವೃತ್ತ ಕಾಂಪೌಂಡರ್. ರಾಯದುರ್ಗದಿಂದ ಅಮರಾಪುರಕ್ಕೆ ಬಂದು ಇಪ್ಪತ್ತು ವರ್ಷವಾದರೂ ಮಾತಿನ ಧಾಟಿ ಬಿಟ್ಟಿರಲಿಲ್ಲ. ಕಳುವಾದ ಕುರಿಯಿಂದ ಓಡಿಹೋದ ಮದುಮಗನವರೆಗೆ ಊರಿನ ಎಲ್ಲದರ ಜಾಡು ಹಿಡಿಯುವವರು ಅವರೇ.

ಬಂದವರು ಸಂಜೀವಪ್ಪನ ಬಾಯಿಯ ಹತ್ತಿರ ಮೂಗೊಡ್ಡಿದ್ದನ್ನು ಪವಿತ್ರ ಬಾಗಿಲ ಸಂದಿನಿಂದ ಕಂಡಳು.

"ಬೆಳ್ಳುಳ್ಳಿ ತಿಂದೀರೇನ್ರಿ?"

"ಎಲ್ಲೀದಣ್ಣ? ವಾಂತಿ ಶುರುವಾದಾಗಿಂದ ಮನೆಗೇ ತಂದಿಲ್ಲ," ಎಂದಳು ಅತ್ತೆ ಉಜ್ಜಿನಮ್ಮ.

"ಅಂಬಲಿ ಯಾರ್ಯಾರು ಕುಡೀತೀರಿ?"

"ಮೊದ್ಲು ವೆಂಕಟೇಶ ಕುಡ್ದು ಡ್ಯೂಟಿಗೆ ಹೋಗ್ತಾನೆ. ಆಮೇಲೆ ನಮ್ಮ ಯಜಮಾನ್ರು. ತಳದಲ್ಲಿ ಉಳಿದಿದ್ದು ಸೊಸೆಗೆ. ನಂಗೆ ಅಂಬ್ಲಿ ಆಗಲ್ಲ."

ಕೊಟ್ರಬಸಪ್ಪ ಕುರಿ ಕೊಟ್ಟಿಗೆಗೆ ಹೋಗಿ ಒಂದು ಚೀಲ, ಒಂದು ಸೌಟು ಹಿಡಿದು ಬಂದರು. ಬಾಗಿಲು ತೆಗೆಸಿ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದರು.

"ಎಲ್ಲಾರೂ ಕೈ ತೋರಿಸ್ರಿ."

ಮಾವನ ಉಗುರುಗಳ ಹಾಗೆಯೇ ಪವಿತ್ರಳ ಉಗುರುಗಳಲ್ಲೂ ಬಿಳಿ ಗೆರೆ.

"ವಿಷ ಇಕ್ಕಾಕಿ ತಾನೂ ಅದನ್ನ ಕುಡೀತಾಳೇನ್ರಿ? ಇದು ಕುರಿಗೆ ಹಾಕೋ ಮಿನರಲ್ ಪುಡಿ. ಇದರಾಗ ಸೆಲೆನಿಯಂ ಅನ್ನೋ ಖನಿಜ ಐತಿ, ಚೂರು ಸಾಕು. ಹೆಚ್ಚಾದ್ರ ಕುರಿಗೆ ಉಣ್ಣೆ ಉದುರ್ತೈತಿ, ಗೊರಸು ಬಿರೀತೈತಿ. ಮನುಷ್ಯಾರಿಗೆ ಕೂದ್ಲು, ಉಗುರು. ಉಸಿರು ಬೆಳ್ಳುಳ್ಳಿ ನಾರ್ತೈತಿ. ವೆಂಕಟೇಶ ಆರಾಮ ಅದಾನ, ಅಂದ್ರ ಪುಡಿ ಬೀಳೋದು ಅವ ಹೋದ ಮ್ಯಾಲ. ಚೀಲದಾಗಿದ್ದ ಸೌಟಿಗೆ ರಾಗಿ ಹತ್ತೈತಿ. ಅಂಬಲಿ ಮುಟ್ಟದಾಕಿ ಮನ್ಯಾಗ ಒಬ್ಬಾಕಿನ. ಹೇಳ್ರಿ ಉಜ್ಜಿನಮ್ಮ, ಯಾಕ ಹಾಕಿದ್ರಿ?"

ಉಜ್ಜಿನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ಟಗರಿಗೆ ಹಾಕಿದ್ಕೆ ಹೆಂಗೆ ಮೈ ತುಂಬ್ಕೊಂತು! ಮೊಣಕಾಲು ನೋವು ಅಂತಿದ್ರು, ಬಲ ಬರ್ಲಿ ಅಂತ ದಿನಾ ಒಂದು ಸೌಟು ಹಾಕ್ದೆ ಕಣಣ್ಣ. ಕುರಿ ಪುಡಿ ಅಂದ್ರೆ ಮುಟ್ಟಲ್ಲ ಅಂತ ಹೇಳ್ಲಿಲ್ಲ. ಸೊರಗಿದಂಗೆಲ್ಲ ಇನ್ನೊಂಚೂರು ಹಾಕ್ದೆ. ಬಲದ ಪುಡಿ ವಿಷ ಆಗ್ತದೆ ಅಂತ ಯಾರಿಗೆ ಗೊತ್ತಿತ್ತು?"

"ಇವತ್ತಿಗೇ ನಿಲ್ಲಿಸ್ರಿ. ಇಬ್ರನ್ನೂ ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ, ರಕ್ತ ನೋಡ್ಬೇಕು. ಪೊಲೀಸರು ಬಂದ್ರ ನಾ ಹೇಳ್ತೀನಿ."

ವೆಂಕಟೇಶ ತಲೆ ಎತ್ತದೆ ಆಟೋ ತಂದು ನಿಲ್ಲಿಸಿದ. "ಹತ್ತು," ಎಂದ.

ಪವಿತ್ರ ಅಲ್ಲಾಡಲಿಲ್ಲ. "ಬೀದೀಲಿ ನಿಂತು ಏನಂದೆ? ಅದೇ ಬೀದೀಲಿ, ಅಷ್ಟೇ ಜೋರಾಗಿ, ತಪ್ಪಾಯ್ತು ಅನ್ನು."

ಅವನು ಗೊಣಗಿದ. ಅವಳು ಕಾದಳು. ಎರಡನೇ ಸಲ "ತಪ್ಪಾಯ್ತು!" ಎಂಬ ಅವನ ಕೂಗಿಗೆ ಎದುರುಮನೆಯವರೂ ಹೊರಗೆ ಬಂದರು. ಆಗ ಪವಿತ್ರ ಆಟೋ ಹತ್ತಿ ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹತ್ತಲು ಬಂದ ಗಂಡನನ್ನು ತಡೆದಳು.

"ನೀನು ಬಸ್ಸಲ್ಲಿ ಬಾ."