ಇಂಜಿನ್‌ಗೊಂದು ಚೆಂಡುಹೂವಿನ ಹಾರ

“ಅಮ್ಮಾ, ಇನ್ನೂ ಲೋಡ್ ಕೊಡು! ಇನ್ನೂ!” ರುದ್ರಾಣಿ ಕಿರುಚಿದಳು.

ಕಿರುಚದಿದ್ದರೆ ಚಾಮರಾಜಪೇಟೆಯ ಆ ಶೆಡ್ಡಿನಲ್ಲಿ ಯಾರಿಗೆ ಕೇಳಿಸಬೇಕು ಹೇಳಿ! ಕಬ್ಬಿಣದ ಸ್ಟ್ಯಾಂಡಿನ ಮೇಲೆ ಲಾರಿ ಇಂಜಿನ್ ಗುಡುಗುತ್ತಿತ್ತು. ಲಾರಿಯೂ ಇಲ್ಲ, ಚಕ್ರವೂ ಇಲ್ಲ, ಬರೀ ಇಂಜಿನ್. ಅದಕ್ಕೊಂದು ನೀರಿನ ಬ್ರೇಕು ಜೋಡಿಸಿದ್ದರು. ಬ್ರೇಕು ಬಿಗಿಯಾದಷ್ಟೂ ಇಂಜಿನ್ನಿಗೆ ಮೂಟೆ ಹೊತ್ತು ದಿಬ್ಬ ಹತ್ತಿದಷ್ಟು ಕಷ್ಟ. ಹಾಗೆ ಬಿಗಿ ಮಾಡಿ ಪರೀಕ್ಷೆ ಮಾಡುವವಳೇ ರುದ್ರಾಣಿಯ ಅಮ್ಮ ಮಾಧವಿ.

ಸಂಜೆವರೆಗೂ ನಿಲ್ಲದೆ ಓಡಿದರೆ ಪಾಸ್. ಪಾಸಾದರೆ ಭಾನುವಾರ ಲಾರಿಯ ಮೊದಲ ರೌಂಡು, ಡ್ರೈವರ್ ಪಕ್ಕದಲ್ಲಿ ರುದ್ರಾಣಿ ಮತ್ತು ಗೆಳತಿ ಮಾನ್ಯ! ನಡುವೆ ನಿಂತಿತೋ, ಮತ್ತೆ ಮೊದಲಿಂದ.

ಬೆಳಗ್ಗೆ ಇಂಜಿನ್ ಪೂಜೆ ಮುಗಿದ ಮೇಲೆ ಅಮ್ಮ ಅದರ ಚೆಂಡುಹೂವಿನ ಹಾರ ತೆಗೆದಿಟ್ಟಿದ್ದಳು. ರುದ್ರಾಣಿ ಸದ್ದಿಲ್ಲದೆ ಅದನ್ನು ಇಂಜಿನ್ ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಿಗೆ ನೇತುಹಾಕಿದ್ದಳು.

“ಎಗ್ಸಾಮ್ ದಿನ ನಂಗೆ ಹೂ ಮುಡಿಸ್ತಾರೆ. ಇದು ಮಾತ್ರ ಬೋಳುಬೋಳಾಗಿ ಕೂತ್ಕೋಬೇಕಾ?” ಅಂತ ಮಾನ್ಯಳ ಕಿವಿಯಲ್ಲಿ ಹೇಳಿದ್ದಳು.

ಅಮ್ಮ ಲೋಡ್ ಏರಿಸಿದಳು. ಇಂಜಿನ್ ಒಮ್ಮೆಲೇ ನರಳಿತು. ಬುಸ್ ಅಂತ ಕಪ್ಪು ಹೊಗೆ!

ಲಾರಿ ಮಾಲೀಕ ಮಾಯಣ್ಣ ಕುರ್ಚಿಯಿಂದ ಹಾರಿ ಎದ್ದ. “ನೋಡಿದ್ರಾ ಮೇಡಮ್? ಈ ವಸಂತನ ಕೈಗೆ ಕೊಡ್ಬೇಡಿ ಅಂತ ಬಡ್ಕೊಂಡೆ! ಬಾಯಿ ಜಾಸ್ತಿ, ಕೆಲ್ಸ ಕಮ್ಮಿ!”

ಇಂಜಿನ್ ರಿಪೇರಿ ಮಾಡಿದ್ದ ವಸಂತನ ಮುಖ ಇಷ್ಟೇ ಇಷ್ಟಾಯಿತು. “ಅಣ್ಣಾ, ಎಲ್ಲಾ ಸರಿಯಾಗೇ ಕೂರ್ಸಿದೀನಿ...”

ಮಾನ್ಯ ಚಿವುಟಿದಳು. “ಲೇ, ಹಾರ ಎಲ್ಲೇ?”

ಪೈಪಿನ ಬಾಯಲ್ಲಿ ದಾರದ ತುದಿ ಮಾತ್ರ ಕುಣಿಯುತ್ತಿತ್ತು. ರುದ್ರಾಣಿಗೆ ಲಾರಿಯ ಸೀಟು ಕಣ್ಮುಂದೆ ಬಂತು. ಆಮೇಲೆ ವಸಂತನ ಮುಖ ಕಂಡಿತು.

“ಅಮ್ಮಾ, ಆಫ್ ಮಾಡು! ವಸಂತಣ್ಣಂದೇನೂ ತಪ್ಪಿಲ್ಲ! ಹಾರ ಹಾಕಿದ್ದು ನಾನು, ಇಂಜಿನ್ ಅದನ್ನ ನುಂಗ್ಬಿಟ್ಟಿದೆ!”

ಅಮ್ಮ ಇಂಜಿನ್ ನಿಲ್ಲಿಸಿದಳು. ಪೈಪು ಬಿಚ್ಚಿ ದಾರ ಎಳೆದಳು. ಜಜ್ಜಿಹೋದ ಹೂವು ಮುಷ್ಟಿ ಮುಷ್ಟಿ ಬಂತು.

“ನನ್ ಇಂಜಿನ್‌ಗೆ ಹೂವಿನ ಪಲ್ಯ ತಿನ್ಸಿದ್ಯಲ್ಲೇ ತಾಯೀ!” ಮಾಯಣ್ಣ ತಲೆ ಚಚ್ಚಿಕೊಂಡ.

“ಅಣ್ಣಾ, ಈಗ್ಲಾದ್ರೂ ನಂಗೊಂದು ಕಾಫಿ ಹೇಳಿ,” ಅಂದ ವಸಂತ.

ಅಮ್ಮ ನಗಲಿಲ್ಲ. “ನಾಳೆ ಮತ್ತೆ ಮೊದಲಿಂದ. ಭಾನುವಾರದ ರೌಂಡು ಇಲ್ಲ.”

ಮರುದಿನ ಇಂಜಿನ್ ಶುರುವಾಯಿತು. ಅಮ್ಮ ರುದ್ರಾಣಿಯ ಅಂಗೈಯನ್ನು ಪೈಪಿನ ಬಾಯಿಂದ ಗೇಣು ದೂರ ಹಿಡಿದಳು. ಸುಯ್ ಅಂತ ಗಾಳಿ ಬೆರಳ ಸಂದಿಯಿಂದ ಒಳಕ್ಕೆ ಓಡಿತು. ಒಂದೇ ಸಮ, ಬಿಡುವೇ ಇಲ್ಲದೆ.

ರುದ್ರಾಣಿ ತಾನು ತಂದಿದ್ದ ಹೊಸ ಹಾರವನ್ನು ವಸಂತನ ಟೂಲ್ ಬಾಕ್ಸಿಗೆ ಹಾಕಿದಳು.

“ಇಂಜಿನ್‌ಗೆ ಇಲ್ವೇನೇ?” ಮಾನ್ಯ ಕೇಳಿದಳು.

“ಬೇಡ. ಅದು ಉಸಿರಾಡ್ಲಿ ಬಿಡು.”