ನಾಲ್ಕನೆಯ ಬೋರು

"ಎರಡು ಎಂಎಂ ದೊಡ್ಡದು ಮಾಡಿ. ನಾಲ್ಕೂ ಸಿಲಿಂಡರ್."

ಅವನು ಹೀಗೆಂದಾಗ ಅವಳು ಚಹಾದ ಲೋಟವನ್ನು ಅವನ ಎಡಗೈ ಹತ್ತಿರ ಹಿಡಿದು ನಿಂತಿದ್ದಳು. ಅವನು ತೆಗೆದುಕೊಳ್ಳಲಿಲ್ಲ. ಬೇಡ ಎನ್ನಲೂ ಇಲ್ಲ. ಬೆಂಚಿನ ಮೇಲಿಟ್ಟ ತನ್ನ ಕಾರಿನ ಇಂಜಿನ್ ಬ್ಲಾಕನ್ನೇ ನೋಡುತ್ತಿದ್ದ. ಬೆರಳು ಸುಡತೊಡಗಿದ ಮೇಲೆ ಅವಳು ಲೋಟವನ್ನು ಬೆಂಚಿಗೆ ಕುಕ್ಕಿದಳು.

ಇಂಥ ಗಿರಾಕಿಗಳು ಅವಳಿಗೆ ಹೊಸಬರೇನಲ್ಲ. ಸಿಲಿಂಡರಿನ ರಂಧ್ರ, ಅಂದರೆ ಬೋರು, ಕೊರೆಯುವ ಮಷೀನಿನ ಮುಂದೆ ಹೆಣ್ಣು ನಿಂತಿದ್ದರೆ ಕೆಲವರಿಗೆ ಅವಳ ಅಪ್ಪನ ಜೊತೆ ಮಾತಾಡಿದರೇ ಸಮಾಧಾನ. ಆದರೆ ಕಬ್ಬಿಣ ಕೊರೆಯುವ ಸದ್ದಿನಲ್ಲೇ ಆಯುಸ್ಸು ಕಳೆದ ಅಪ್ಪನ ಕಿವಿಗಳು ಯಾವತ್ತೋ ಬಾಗಿಲು ಹಾಕಿಕೊಂಡಿದ್ದವು. ಈಗ ವರ್ಕ್‌ಶಾಪ್ ಅವಳದೇ. ಅಲ್ಲಿಯ ಮೆಕ್ಯಾನಿಕ್‌ಗಳೆಲ್ಲ ಅವಳನ್ನು ಮೈಕ್ರಾನ್ ಎನ್ನುತ್ತಿದ್ದರು. ಕೂದಲೆಳೆಯನ್ನೂ ಸೀಳಿ ಅಳೆಯುತ್ತಾಳೆ ಎಂಬ ಮೆಚ್ಚುಗೆ ಅದರಲ್ಲಿತ್ತು. ಇವಳನ್ನು ಕಟ್ಟಿಕೊಳ್ಳುವವನ ಗತಿ ಏನು ಎಂಬ ಕುಹಕವೂ ಇತ್ತು. ಮೂವತ್ತು ದಾಟಿದ್ದರೂ ಯಾರೂ ಕಟ್ಟಿಕೊಂಡಿರಲಿಲ್ಲ.

"ಎರಡು ಎಂಎಂ ಅಂತ ಯಾರು ಹೇಳಿದ್ದು?"

"ಬೋರು ದೊಡ್ಡದಾದ್ರೆ ಪವರ್ ದೊಡ್ಡದು ಅಲ್ವಾ? ಟರ್ಬೋ ಬೇರೆ ಹಾಕಿಸ್ತಿದ್ದೀನಿ."

"ಟರ್ಬೋ ಹಾಕಿಸ್ತಿದ್ದೀರಲ್ಲ, ಅದಕ್ಕೇ ಬೇಡ ಅನ್ನೋದು. ಅದು ಗಾಳಿನ ಒತ್ತಿ ಒತ್ತಿ ತುಂಬುತ್ತೆ. ಒಳಗೆ ಒತ್ತಡ ಹೆಚ್ಚಾದ ಹಾಗೆ ಸುತ್ತಲಿನ ಗೋಡೆ ಗಟ್ಟಿ ಇರಬೇಕು. ನೀವು ನೋಡಿದ್ರೆ ಗೋಡೆನೇ ಕೆರೆದು ಹಾಕಿ ಅಂತೀರ."

ದಪ್ಪ ಅಳೆಯುವ ಗೇಜನ್ನು ತೆಗೆದು ಅವಳು ಒಂದೊಂದೇ ಸಿಲಿಂಡರಿನ ಒಳಗೋಡೆಗೆ ಒತ್ತುತ್ತ ಬಂದಳು. ಮೂರನೆಯದರಲ್ಲಿ ಕೈ ನಿಂತಿತು. ಎರಕ ಹೊಯ್ಯುವಾಗ ಅಚ್ಚು ಸ್ವಲ್ಪ ಸರಿದಿರಬೇಕು, ಒಂದು ಕಡೆ ಗೋಡೆ ತೆಳ್ಳಗಿತ್ತು.

"ಅರ್ಧ ಎಂಎಂ. ದುಂಡಗಾಗೋಕೆ ಎಷ್ಟು ಬೇಕೋ ಅಷ್ಟು. ಅದರ ಮೇಲೆ ಒಂದೆಳೆ ಕೇಳಿದ್ರೂ ಬ್ಲಾಕ್ ಎತ್ಕೊಂಡು ಹೋಗಿ."

"ಮತ್ತೆ ಪವರ್?"

"ಪವರ್ ಟರ್ಬೋ ಕೊಡುತ್ತೆ. ಅದು ಸಿಡಿಯದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ."

ಅವನು ಮುಖವಿಡೀ ನಕ್ಕ. "ಆಯ್ತು, ಮೈಕ್ರಾನ್ ಅವರೇ."

"ಚಹಾ ಕುಡೀರಿ. ಆರಿ ತಣ್ಣಗಾಯ್ತು."

"ಅಯ್ಯೋ, ಚಹಾ ಕೊಟ್ಟಿದ್ರಾ?"

ನಾಟಕ ನೋಡು, ಎಂದುಕೊಂಡಳು. ಕಣ್ಣು ನೆತ್ತಿಗೇರಿದೆ ಇವನಿಗೆ.

ಪಿಸ್ಟನ್ ಕೈಗೆ ಬರುವವರೆಗೆ ಬ್ಲಾಕಿಗೆ ಉಳಿ ತಾಗಿಸುವುದಿಲ್ಲ ಎಂಬುದು ಅವಳ ವರ್ಕ್‌ಶಾಪಿನ ನಿಯಮ. ಪ್ರತಿ ಪಿಸ್ಟನ್ನನ್ನೂ ಅಳೆದು, ಅದರದರ ಬೋರನ್ನು ಅದಕ್ಕೇ ಹೊಂದಿಸಬೇಕು. ಅವನು ಮೊದಲು ಒಂದು ಪಿಸ್ಟನ್ ತಂದ. ನಾಲ್ಕು ದಿನ ಬಿಟ್ಟು ಇನ್ನೊಂದು ತಂದ.

"ನಾಲ್ಕೂ ಒಂದೇ ಡಬ್ಬೀಲಿ ಬರುತ್ತಲ್ಲ?"

"ಬರುತ್ತೆ. ಹೊರೋಕೆ ಭಾರ."

"ಒಂದು ಪಿಸ್ಟನ್ ಒಂದು ಲೋಟ ನೀರಿನಷ್ಟು ತೂಗಲ್ಲ."

"ನನಗೆ ತೂಗುತ್ತೆ," ಎಂದು ಅವನು ಗಂಭೀರವಾಗಿ ಹೇಳಿದ. ಅವಳು ನಗು ಬರದಂತೆ ಮೈಕ್ರೋಮೀಟರಿನ ಮೇಲೆ ಬಗ್ಗಿದಳು. ಆ ಪಿಸ್ಟನ್ನಿನ ಅಳತೆಯನ್ನು ಮೂರು ಸಲ ತೆಗೆಯಬೇಕಾಯಿತು.

ದೂರದ ಊರಿಗೆ ಹೋಗುವ ಬಸ್ಸಿಗೆ ಅವನು ಹದಿನೆಂಟು ವರ್ಷ ಡ್ರೈವರ್ ಆಗಿದ್ದನಂತೆ. ಮಾಲೀಕನ ಜೊತೆ ಜಗಳವಾಗಿ ಬಿಟ್ಟನಂತೆ. ಬಿಟ್ಟ ಮೇಲೆ ಹಳೆಯ ಕಾರೊಂದನ್ನು ಹಿಡಿದು, ಅದನ್ನು ಗಾಳಿಯ ಮಗನನ್ನಾಗಿ ಮಾಡುತ್ತೇನೆಂದು ಕೂತಿದ್ದ. ಇಷ್ಟು ಅವಳಿಗೆ ಗೊತ್ತಾದದ್ದು ಕೊರೆತದ ದಿನಗಳಲ್ಲಿ. ಬ್ಲಾಕಿನ ನೆತ್ತಿಗೆ ಅವಳು ದಪ್ಪ ಉಕ್ಕಿನ ಪ್ಲೇಟನ್ನು ಬೋಲ್ಟ್ ಹಾಕಿ ಬಿಗಿಯುವುದನ್ನು ಅವನು ಬೆರಗಿನಿಂದ ನೋಡುತ್ತಿದ್ದ.

"ಇದ್ಯಾಕೆ?"

"ಮುಂದೆ ಇಲ್ಲಿ ಇಂಜಿನ್ನಿನ ಮುಚ್ಚಳ, ಹೆಡ್ಡು, ಕೂರುತ್ತಲ್ಲ. ಬೋಲ್ಟ್ ಬಿಗಿದ್ರೆ ಕಬ್ಬಿಣನೂ ಸೊಟ್ಟ ಆಗುತ್ತೆ. ಅಷ್ಟೇ ಬಿಗಿದು, ಆ ಸೊಟ್ಟದಲ್ಲೇ ಉಜ್ಜಿ ದುಂಡಗೆ ಮಾಡಬೇಕು."

"ಬಿಚ್ಚಿದ್ಮೇಲೆ?"

"ಬಿಚ್ಚಿದ್ಮೇಲೆ ಹೇಗಾದ್ರೂ ಇರಲಿ. ಭಾರ ಬಿದ್ದಾಗ ಸರಿಯಿದ್ರೆ ಸಾಕು."

ಮೊದಲನೆಯದು ಆಯಿತು, ಎರಡನೆಯದು ಆಯಿತು. ತೆಳುಗೋಡೆಯ ಮೂರನೆಯದನ್ನು ಅವಳು ಉಸಿರು ಬಿಗಿಹಿಡಿದು ಕೊರೆದಳು. ನಡುನಡುವೆ ಕಡೆಗಣ್ಣಿನಲ್ಲಿ ಅವನ ಕಡೆ ನೋಡುತ್ತಿದ್ದಳು. ಇಷ್ಟು ವರ್ಷ ಗ್ರೀಸ್ ಮೆತ್ತಿದ ಕೈಯಲ್ಲೇ ಕೂದಲು ಸರಿಸಿಕೊಂಡವಳು ಈಗ ಸೋಪು ಹಾಕಿ ಉಗುರು ತಿಕ್ಕುತ್ತಿದ್ದಳು. ಅವನ ಪಕ್ಕದಲ್ಲಿ ನಿಂತು, ತುಟಿ ಕಚ್ಚಿ, ಕಣ್ಣು ಹೊರಳಿಸಿ ನೋಡಿದರೂ ಅವನು ಕಲ್ಲಿನಂತೆ ಇರುತ್ತಿದ್ದ. ಎದುರಿಗೆ ಬಂದರೆ ಮಾತ್ರ ಎವೆ ಮಿಟುಕಿಸದೆ ನೋಡುತ್ತಿದ್ದ. ಇದೆಂಥ ಆಟ ಎಂದು ತಿಳಿಯದೆ ಅವಳು ಮನೆಯಲ್ಲಿ ಅಪ್ಪನ ಮೇಲೆ ರೇಗುತ್ತಿದ್ದಳು. ಅಪ್ಪನಿಗೆ ಕೇಳಿಸುತ್ತಿರಲಿಲ್ಲವಾದ್ದರಿಂದ ಮನೆಯಲ್ಲಿ ಶಾಂತಿಯಿತ್ತು.

ನಾಲ್ಕನೆಯದನ್ನು ಕೊರೆಯಬೇಕಿದ್ದ ದಿನ ಅವನು ಟರ್ಬೋದ ಪೆಟ್ಟಿಗೆ ಇಟ್ಟುಕೊಂಡು ಗೆಳೆಯನ ವ್ಯಾನನ್ನು ತಾನೇ ಓಡಿಸಿಕೊಂಡು ಬಂದ. ಅಪ್ಪ ಕಬ್ಬಿಣದ ಚೂರು ತುಂಬಿದ ಬಕೆಟ್ ಹಿಡಿದು ಗೇಟಿನ ಹೊರಗೆ ಹೋಗುತ್ತಿದ್ದರು. ವ್ಯಾನು ನಿಧಾನವಾಗಿಯೇ ಗೇಟಿಗೆ ತಿರುಗಿತು. ಅಪ್ಪ ಅದರ ಎಡಕ್ಕಿದ್ದರು. ಅವಳು ಕಿಟಕಿಯಿಂದ ಎಲ್ಲವನ್ನೂ ಕಂಡಳು. ಹಾಡುಹಗಲು, ಖಾಲಿ ಬೀದಿ. ವ್ಯಾನಿನ ಮೂತಿ ಅಪ್ಪನ ಸೊಂಟಕ್ಕೆ ತಾಗಿದ ಮೇಲೂ ಅವನು ಬ್ರೇಕ್ ಒತ್ತಲಿಲ್ಲ. ಅಪ್ಪ ಕಿರುಚಿದ ಮೇಲೆ ಒತ್ತಿದ.

ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಮುರಿದಿದೆ ಎಂದರು. ಸರಿಹೋದರೂ ಇನ್ನು ಕೋಲು ಬೇಕು, ಮಷೀನಿನ ಮುಂದೆ ನಿಲ್ಲುವ ಮಾತು ಮರೆತುಬಿಡಿ ಎಂದರು. ಅವನು ಕಾರಿಡಾರಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ.

"ಕಾಣಲಿಲ್ವಾ?" ಎಂದಳು. ಬೈಯಲೆಂದೇ ಬಂದಿದ್ದಳು.

"ಕಾಣಲಿಲ್ಲ."

ಅವನು ಹೇಳಿದ ರೀತಿಗೆ ಅವಳಿಗೆ ಏನೋ ಹೊಳೆಯಿತು. ಅವನ ಎಡಗೆನ್ನೆಯ ಪಕ್ಕಕ್ಕೆ ಸದ್ದಿಲ್ಲದೆ ಕೈ ಒಯ್ದಳು. ಬೆರಳಾಡಿಸಿದಳು. ಅವನು ಎದುರಿನ ಗೋಡೆಯನ್ನೇ ನೋಡುತ್ತಿದ್ದ. ಕೈಯನ್ನು ಮೆಲ್ಲಗೆ ಮುಂದೆ ತಂದಳು. ಮೂಗಿನ ನೇರಕ್ಕೆ ಬರುವವರೆಗೂ ಅವನಿಗೆ ಅದು ಕಾಣಲಿಲ್ಲ. ಕಂಡ ಕೂಡಲೇ ಬೆಚ್ಚಿಬಿದ್ದ.

ಹಾಗಾದರೆ ಚಹಾದ ಲೋಟ ಅವನಿಗೆ ಕಂಡಿರಲಿಲ್ಲ. ತನ್ನ ಕಡೆಗಣ್ಣ ನೋಟಗಳಲ್ಲಿ ಒಂದೂ ಕಂಡಿರಲಿಲ್ಲ. ಅವನು ತನ್ನನ್ನು ಕಡೆಗಣಿಸಿರಲಿಲ್ಲ ಎಂದು ಒಂದು ಕ್ಷಣ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮರುಕ್ಷಣ ಒಳಗಿಂದ ಅಪ್ಪನ ನರಳಾಟ ಕೇಳಿ, ತನ್ನ ಸಂತೋಷಕ್ಕೆ ತಾನೇ ನಾಚಿ ಸತ್ತಳು.

ಅಪ್ಪನನ್ನು ಮನೆಗೆ ತಂದ ಮೇಲೆ ಒಂದು ಮಧ್ಯಾಹ್ನ ಅವನು ನಡೆದುಕೊಂಡೇ ವರ್ಕ್‌ಶಾಪಿಗೆ ಬಂದ. ಒಂದು ಕೈ ಗೋಡೆ ಸವರುತ್ತಿತ್ತು.

"ಕಣ್ಣಿನ ಪರದೆ ಅಂಚಿಂದ ಸಾಯ್ತಾ ಬರ್ತಿದೆಯಂತೆ. ಔಷಧಿ ಇಲ್ಲ. ಜಗಳ ಗಿಗಳ ಏನಿಲ್ಲ, ನಾನೇ ಬಸ್ ಬಿಟ್ಟೆ."

"ಎಷ್ಟು ಕಾಣುತ್ತೆ ಈಗ?"

ಅವನು ತಡವಿ ತಡವಿ ಮಗ್ಗುಲಾಗಿಸಿಟ್ಟ ಬ್ಲಾಕಿನ ಹತ್ತಿರ ಹೋಗಿ, ಅವಳು ಕೊರೆದಿಟ್ಟ ಮೂರನೆಯ ಬೋರಿನ ಮೇಲೆ ಬೆರಳಿಟ್ಟ. "ಇದರೊಳಗೆ ಕಣ್ಣಿಟ್ಟು ಆ ಕಡೆಯಿಂದ ನೋಡಿ."

ಅವಳು ಬಗ್ಗಿ ನೋಡಿದಳು. ಸುತ್ತಲೂ ಕಪ್ಪು. ನಡುವೆ ಒಂದು ದುಂಡು ಬೆಳಕು, ಅದರಲ್ಲಿ ಅವನ ಅಂಗಿಯ ಒಂದು ಗುಂಡಿ.

"ಅಷ್ಟೇ. ಇದನ್ನ ಅರ್ಧ ಎಂಎಂ ಕೂಡ ದೊಡ್ಡದು ಮಾಡೋಕೆ ಯಾರಿಗೂ ಬರಲ್ಲ," ಎಂದು ನಗಲು ನೋಡಿದ. "ಮೈಕ್ರಾನ್ ಅವರೇ, ನಾಲ್ಕನೇದು ಮುಗಿಸಿಕೊಡಿ. ಬೆಳಗಿನ ಜಾವ, ಯಾರೂ ಇಲ್ಲದ ರಸ್ತೆ. ಒಂದೇ ಒಂದು ಸಲ. ಹದಿನೆಂಟು ವರ್ಷ ಇನ್ನೊಬ್ಬರ ಬಸ್ಸನ್ನ ಇನ್ನೊಬ್ಬರು ಹೇಳಿದ ಸ್ಪೀಡಲ್ಲಿ ಓಡಿಸಿದೀನಿ. ಕಣ್ಣು ಪೂರ್ತಿ ಹೋಗೋ ಮೊದ್ಲು ನನ್ನ ಗಾಡಿನ ನನ್ನಿಷ್ಟಕ್ಕೆ ಬಿಡಬೇಕು. ಬಸ್ಸಲ್ಲಾದ್ರೆ ಐವತ್ತು ಜನ. ಇದ್ರಲ್ಲಿ ನಾನೊಬ್ನೇ."

"ಅಪ್ಪ ಇದ್ದಿದ್ದೂ ಯಾರೂ ಇಲ್ಲದ ಬೀದೀಲೇ."

ಅವನ ಮುಖ ಬಿಳುಚಿತು. ಆದರೂ ಆಸೆ ಕೆಟ್ಟದ್ದು, ಬಿಡಲಿಲ್ಲ. "ಬೇರೆ ವರ್ಕ್‌ಶಾಪ್ ಇಲ್ವಾ?"

"ಇವೆ. ತಗೊಂಡು ಹೋಗಿ. ಮೂರು ನನ್ನ ಕೈಯಲ್ಲಾಗಿದೆ. ಒಬ್ಬರು ಅರ್ಧ ಮಾಡಿದ ಬ್ಲಾಕಿಗೆ ಇನ್ನೊಬ್ಬರು ಕೈ ಹಾಕಲ್ಲ. ಕೆಟ್ರೆ ಯಾರ ತಲೆ ಮೇಲೆ ಹಾಕೋದು ಅಂತ ಹೆದರ್ತಾರೆ."

"ಬೇಕಂತಲೇ ಹೀಗೆ ಮಾಡ್ತಿದ್ದೀರ."

"ಹೌದು, ಬೇಕಂತಲೇ!" ಅವಳ ದನಿ ಒಡೆಯಿತು. "ನಾನು ನಾಲ್ಕನೇದನ್ನ ಕೊರೆದುಕೊಟ್ರೆ ಆ ಇಂಜಿನ್ ಎಲ್ಲೂ ಕೈಕೊಡಲ್ಲ. ನಿಮ್ಮನ್ನ ಹೊತ್ಕೊಂಡು ಸೀದಾ ಹೋಗುತ್ತೆ. ಕೆಟ್ಟದಾಗಿ ಕೊರೆಯೋಣ ಅಂದ್ರೆ ನನಗೆ ಬರಲ್ಲ. ಅದಕ್ಕೇ ಕೊರೆಯಲ್ಲ. ನೀವು ನನಗೆ ಬೇಕು. ಇಷ್ಟು ದಿನ ಪಕ್ಕದಲ್ಲಿ ನಿಂತು ಕಣ್ಣಲ್ಲೇ ಹೇಳ್ದೆ, ನಿಮಗೆ ಕಾಣಲಿಲ್ಲ. ಈಗ ಬಾಯಲ್ಲಿ ಹೇಳ್ತಿದ್ದೀನಿ."

ಅವನು ಬೋರಿನ ಮೇಲಿಂದ ಬೆರಳು ತೆಗೆದ. "ಕುರುಡನ್ನ ಕಟ್ಕೊಂಡು ಏನು ಮಾಡ್ತೀರ," ಎಂದಷ್ಟೇ ಹೇಳಿ, ಗೋಡೆ ಸವರುತ್ತ ಹೊರಟುಹೋದ. ಅವಳು ಕರೆಯಲಿಲ್ಲ.

ಆಮೇಲಿನ ದಿನಗಳು ಹೇಗೆ ಕಳೆದವು ಎಂದು ಕೇಳಬಾರದು. ಬ್ಲಾಕು ಬೆಂಚಿನ ಮೇಲೆಯೇ ಇತ್ತು. ತುಕ್ಕು ಹಿಡಿಯದಿರಲೆಂದು ಅವಳು ಅದಕ್ಕೆ ಎಣ್ಣೆ ಸವರುತ್ತಿದ್ದಳು. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದಳು. ಎಲ್ಲೋ ಹೋಗಿ ಯಾರದೋ ಕಾರು ಹತ್ತಿಬಿಟ್ಟನೇನೋ ಎಂಬ ಭಯದಲ್ಲಿ ಊಟದ ನಡುವೆಯೇ ಎದ್ದು ಗೇಟಿನವರೆಗೆ ಹೋಗಿ ಬರುತ್ತಿದ್ದಳು.

"ಡ್ರೈವರ್ ಯಾಕೆ ಬರ್ತಿಲ್ಲ?" ಎಂದು ಅಪ್ಪ ಹಾಸಿಗೆಯಿಂದ ಕೇಳಿದರು.

ಅವಳು ಅವರ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಕೂಗಿ ಹೇಳಿದಳು. ಅಕ್ಕಪಕ್ಕದ ಮನೆಯವರಿಗೂ ಗೊತ್ತಾಗಿರಬೇಕು.

ಅಪ್ಪ ಸೂರು ನೋಡುತ್ತ ಯೋಚಿಸಿದರು. "ಅವನಿಗೆ ಕಾಣಲಿಲ್ಲ, ನನಗೆ ಕೇಳಲಿಲ್ಲ. ಬೈಯೋದು ಯಾರನ್ನ? ಕರಿ ಅವನನ್ನ. ನನಗೆ ಕಿವಿ ಇಲ್ಲ, ಅವನಿಗೆ ಕಣ್ಣಿಲ್ಲ, ನಿನಗೆ ಬುದ್ಧಿ ಇಲ್ಲ. ವರ್ಕ್‌ಶಾಪ್ ಚೆನ್ನಾಗಿ ನಡೆಯುತ್ತೆ." ನಗಲು ಹೋಗಿ ಸೊಂಟ ಹಿಡಿದು ನರಳಿದರು. ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

ಅವಳು ಕರೆಯುವ ಮೊದಲೇ ಅವನು ಬಂದ. ಜೊತೆಗೆ ವ್ಯಾನಿನ ಗೆಳೆಯನಿದ್ದ. ಗೆಳೆಯನನ್ನು ಹೊರಗೇ ಬಿಟ್ಟು ಅವನು ವರ್ಕ್‌ಶಾಪಿನ ಹಿಂದಿದ್ದ ಮನೆಯ ಒಳಕೋಣೆಗೆ ನೇರ ಹೋಗಿ ಅಪ್ಪನ ಕಾಲು ಮುಟ್ಟಿದ. ಏನು ಹೇಳಿದನೋ ಅಪ್ಪನಿಗೆ ಕೇಳಿಸಿರಲಾರದು. ತಲೆ ಸವರಿದರು.

ಹೊರಗೆ ಬಂದು, "ಕಾರು ಇವನಿಗೆ ಕೊಟ್ಟೆ," ಎಂದ. "ಇನ್ನು ಇವನೇ ಓಡಿಸ್ತಾನೆ. ನಾನು ಸ್ಟೇರಿಂಗ್ ಮುಟ್ಟಲ್ಲ. ನಿಮ್ಮಪ್ಪನ ಹಾಸಿಗೆ ಪಕ್ಕ ನಿಂತು ಹೇಳಿ ಬಂದಿದ್ದೀನಿ." ಬ್ಲಾಕಿನ ಕಡೆ ತಿರುಗಿ, "ನಾಲ್ಕನೇದು?" ಎಂದ.

ಅವಳು ಪ್ಲೇಟನ್ನು ಬಿಗಿದಳು. ಉಳಿ ಇಳಿಯಿತು. ಕಬ್ಬಿಣದ ಪುಡಿ ಉದುರಿತು. ಕೊನೆಯ ಉಜ್ಜು ಮುಗಿದ ಮೇಲೆ ಅವನ ಬೆರಳು ಹಿಡಿದು ಬೋರಿನೊಳಗೆ ಇಳಿಸಿದಳು. ಅವನು ಕಣ್ಣು ಮುಚ್ಚಿ ಸುತ್ತಲೂ ಸವರಿದ. ಅಷ್ಟು ಆಸೆಪಟ್ಟು ಕಟ್ಟಿಸಿದ್ದು, ಇನ್ನು ತನ್ನದಲ್ಲ. ಗೆಳೆಯ ಬ್ಲಾಕನ್ನು ವ್ಯಾನಿಗೇರಿಸಿಕೊಂಡು ಹೋದಾಗ ಅವನು ಆ ಸದ್ದು ನಿಲ್ಲುವವರೆಗೆ ಗೇಟಿನಲ್ಲೇ ನಿಂತಿದ್ದ. ಅವನ ಭುಜ ಅಲುಗುತ್ತಿತ್ತು. ಅವಳು ಅವನನ್ನು ಅಳಲು ಬಿಟ್ಟಳು.

ಆಮೇಲೆ ಅವನು ಮುಖ ಒರೆಸಿಕೊಂಡು, "ಒಂದು ಕೇಳ್ಲಾ?" ಎಂದ.

"ಕೇಳಿ."

"ಹತ್ತಿರ ಇದ್ರೆ ನಿಮ್ಮ ಮುಖ ಪೂರ್ತಿ ಕಾಣಲ್ಲ. ಒಂದ್ಸಲ ಮೂಗು, ಒಂದ್ಸಲ ತುಟಿ. ಚೂರು ಚೂರು ನೋಡಿ ಜೋಡಿಸ್ಕೊಂಡಿದ್ದೀನಿ. ದೂರ ಹೋದ್ರೆ ಪೂರ್ತಿ ಕಾಣ್ತೀರ. ಸ್ವಲ್ಪ ದೂರ ಹೋಗಿ ನಿಲ್ತೀರಾ? ಇನ್ನೊಂದು ವರ್ಷಕ್ಕೆ ಅದೂ ಇರಲ್ಲವೇನೋ."

ಅವಳು ಬೀದಿಗಿಳಿದು ನಡೆದಳು. ತಿರುಗಿ ನೋಡಿದಾಗ ಅವನು ಇನ್ನೂ ದೂರ ಎಂದು ಕೈ ಮಾಡಿದ. ಮುಚ್ಚಿದ ಗೋದಾಮುಗಳನ್ನು ದಾಟಿ, ಬೀದಿಯ ಕೊನೆಯ ದೀಪದ ಕಂಬದವರೆಗೆ ಹೋದಳು.

"ಅಲ್ಲೇ! ಅಲ್ಲೇ ನಿಲ್ಲಿ!"

ಅವಳು ನಿಂತಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೈಮೇಲೆ ಎಣ್ಣೆಕಲೆಯ ಏಪ್ರನ್, ಕೆದರಿದ ಕೂದಲು, ಸವೆದ ಚಪ್ಪಲಿ. ಅಷ್ಟನ್ನೂ ಅವನು ತಲೆಯಿಂದ ಕಾಲಿನವರೆಗೆ ನೋಡಿದ. ಬಹಳ ಹೊತ್ತು ನೋಡಿದ. ಯಾರೂ ಯಾವತ್ತೂ ಅವಳನ್ನು ಹಾಗೆ ನೋಡಿರಲಿಲ್ಲ.

ಆಮೇಲೆ ಅವನು ಕೈ ಚಾಚಿ, "ಬಾ," ಎಂದ.

ಅವಳು ಬರತೊಡಗಿದಳು. "ಪಾದ ಹೋಯ್ತು," ಎಂದು ಅವನು ಅಲ್ಲಿಂದಲೇ ಹೇಳಿದ. ಇನ್ನಷ್ಟು ಹತ್ತಿರ ಬಂದಾಗ, "ಕೈಗಳು ಹೋದವು," ಎಂದ. ಮುಖವೊಂದು ಪೂರ್ತಿ ಕಾಣುವಷ್ಟು ದೂರದಲ್ಲಿ ನಿಂತುಬಿಡಲೇ ಎಂದು ಅವಳಿಗೆ ಅನ್ನಿಸಿತು. ಅವನ ಕೈ ಇನ್ನೂ ಚಾಚಿಯೇ ಇತ್ತು. ಅವಳು ಹೋಗಿ ಅದನ್ನು ಹಿಡಿದಳು, ಅವನ ಉಸಿರು ತಾಗುವಷ್ಟು ಹತ್ತಿರ ನಿಂತಳು.

"ಈಗೇನು ಕಾಣ್ತಿದೆ?"

"ಒಂದು ಕಣ್ಣು."

"ಎಡದ್ದಾ, ಬಲದ್ದಾ?"

"ಗೊತ್ತಿಲ್ಲ. ಅಳ್ತಿರೋದು."

"ಎರಡೂ ಅಳ್ತಿವೆ ಕಣೋ," ಎಂದಳು ಅವಳು.